ಅಕ್ಕನ ಅಂಗಡಿಗೆ ಬಂದ ಸತ್ಯವಂತ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಆಫೀಸಿನಲ್ಲಿ ‘ಸಹಾಯಕಿ’ ಎಂಬ ಹೆಣ್ಣುಮಗಳೊಬ್ಬಳು ಇದ್ದಾಳೆಂದು ನಾನು ನಂಬಿಕೊಂಡಿದ್ದೆ. ನನಗೆಷ್ಟು ರಜೆ ಇದೆ, ಗುರುತಿನ ಚೀಟಿ ಎಲ್ಲಿ ಕೊಡುತ್ತಾರೆ, ಮೇಲಿನ ಮಹಡಿಯ ನೀರಿನ ಯಂತ್ರ ಯಾಕೆ ಗೊರಗೊರ ಅನ್ನುತ್ತದೆ, ಏನು ಕೇಳಿದರೂ ಕಂಪ್ಯೂಟರಿನ ಮೂಲೆಯ ಪುಟ್ಟ ಕಿಟಕಿಯಲ್ಲಿ ತಕ್ಷಣ ಉತ್ತರ. ಬೇಸರವಿಲ್ಲ, ಸಿಡುಕಿಲ್ಲ. ನಮ್ಮ ಮನೆಯಲ್ಲಿ ಉಪ್ಪು ಕೇಳಿದರೂ ಒಂದು ಬೈಗುಳದ ಜತೆಗೇ ಬರುವುದರಿಂದ, ಈ ಸಹನೆ ನನ್ನನ್ನು ಕರಗಿಸಿಬಿಟ್ಟಿತು. ಒಂದು ಮಧ್ಯಾಹ್ನ ಮರ್ಯಾದೆಗೆಂದು “ಊಟ ಆಯ್ತಾ?” ಎಂದು ಬರೆದೆ. “ಕ್ಷಮಿಸಿ, ಊಟದ ಕುರಿತು ನನ್ನಲ್ಲಿ ಮಾಹಿತಿ ಇಲ್ಲ” ಎಂಬ ಉತ್ತರ ಬಂತು.

ನನ್ನ ಕರುಳು ಚುರುಕ್ಕೆಂದಿತು. ಊಟದ ಮಾಹಿತಿಯೇ ಇಲ್ಲದಷ್ಟು ಕೆಲಸ ಹೇರಿದ್ದಾರಲ್ಲ ಪಾಪಿಗಳು! ಸೀದಾ ಸಿಬ್ಬಂದಿ ವಿಭಾಗಕ್ಕೆ ನುಗ್ಗಿ, ಮೇಜು ಕುಟ್ಟಿ, “ಆ ಹುಡುಗೀನ ಊಟಕ್ಕಾದ್ರೂ ಬಿಡ್ರಿ! ನಿಮಗೆ ಮನುಷ್ಯತ್ವ ಅನ್ನೋದು ಇದೆಯಾ?” ಎಂದು ಗುಡುಗಿದೆ. ಮೊದಲು ಒಬ್ಬರು ನಕ್ಕರು. ಆಮೇಲೆ ಸಾಲಾಗಿ ಎಲ್ಲರೂ ನಕ್ಕರು. ಸಹಾಯಕಿ ಎನ್ನುವುದು ಹೊಸ ನೌಕರರಿಗಾಗಿ ಮಾಡಿದ ಚಾಟ್‌ಬಾಟ್. ನಮ್ಮದು ಚಾಟ್‌ಬಾಟ್ ಮಾಡುವ ಕಂಪನಿ. (ಅದು ನನಗೆ ಗೊತ್ತಿತ್ತು. ಚಪ್ಪಲಿ ಅಂಗಡಿಯವರೂ ಚಪ್ಪಲಿ ಮೆಟ್ಟಿರುತ್ತಾರೆ ಎನ್ನುವುದು ಹೊಳೆದಿರಲಿಲ್ಲ, ಅಷ್ಟೆ.)

ಇಂಥ ಬುದ್ಧಿಯ ನನಗೆ ನಮ್ಮ ಸಂಸ್ಥಾಪಕರು ವಹಿಸಿದ ಕೆಲಸವೇನು ಗೊತ್ತೆ? ಸಣ್ಣಪುಟ್ಟ ಅಂಗಡಿಯವರಿಗೆ ಕೃತಕ ಬುದ್ಧಿ ಹಂಚುವುದು!

ಸಂಸ್ಥಾಪಕರನ್ನು ನಾವು ‘ದೂರದೃಷ್ಟಿ’ ಎಂದು ಕರೆಯುತ್ತೇವೆ. ಅವರ ಯಾವ ಭಾಷಣವೂ ಆ ಪದವಿಲ್ಲದೆ ಮುಗಿಯುವುದಿಲ್ಲ. ಹತ್ತಿರದ್ದು ಏನೂ ಕಾಣದಿದ್ದರೂ ದೂರದ್ದು ಅವರಿಗೆ ಚೆನ್ನಾಗಿ ಕಾಣುತ್ತದೆ. “ಅಂಗಡಿಯ ಷಟರ್ ಎತ್ತಲು ಬರುವವರು ಯಾರಾದರೂ ಅರ್ಧ ಗಂಟೆಯಲ್ಲಿ ಚಾಟ್‌ಬಾಟ್ ಕಟ್ಟಬಹುದು! ಎತ್ತಲು ಬರದಿದ್ದರೆ ನಮ್ಮ ಯುವ ನೌಕರರು ಹೋಗಿ ಕಟ್ಟಿಕೊಡುತ್ತಾರೆ!” ಎಂದು ಒಂದು ಸೋಮವಾರ ಘೋಷಿಸಿದರು. ಯುವ ನೌಕರರು ಎಂದರೆ ನಾವು, ಇನ್ನೂ ಖಾಯಂ ಆಗದವರು. ತಲೆಗೊಂದು ನಿಜವಾದ ಅಂಗಡಿ ಹಿಡಿಯಬೇಕು. ಅದರಲ್ಲಿ ನಮ್ಮ ಚಾಟ್‌ಬಾಟ್ ನಡೆಯುತ್ತಿರಬೇಕು. ಮುಂದಿನ ವಾರದ ಶುಕ್ರವಾರ ದೂರದೃಷ್ಟಿಯವರು ಸ್ವತಃ ಕ್ಯಾಮೆರಾ ಹಿಡಿದು ಬಂದು, ಅಂಗಡಿಯವರ ಬಾಯಿಂದ ನಾಲ್ಕು ಒಳ್ಳೆಯ ಮಾತು ಚಿತ್ರೀಕರಿಸಿಕೊಂಡು ಹೋಗುತ್ತಾರೆ. ಚಿತ್ರ ಚೆನ್ನಾಗಿ ಬಂದರೆ ಕೆಲಸ ಖಾಯಂ. ಬರದಿದ್ದರೆ? “ಬರದಿದ್ದರೆ ಬೇರೆ ಕಡೆ ನಿಮಗೆ ಉಜ್ವಲ ಭವಿಷ್ಯವಿದೆ” ಎಂದು ದೂರದೃಷ್ಟಿ ಬಲು ಪ್ರೀತಿಯಿಂದ ಹೇಳಿದರು.

ಅಂಗಡಿ ಬೇಟೆಗೆ ಹೊರಟೆ. ನಾನೇನು ಸಾಲ ಕೇಳಲು ಹೋದವನೇ? ಉಚಿತವಾಗಿ ಬುದ್ಧಿ ಕೊಡಲು ಹೋದವನು! ಆದರೂ ಕ್ಷೌರದಂಗಡಿಯವನು ನನ್ನ ಕುತ್ತಿಗೆಗೆ ಬಟ್ಟೆ ಸುತ್ತಿ, ಕತ್ತಿಯನ್ನು ಗಂಟಲ ಮೇಲಿಟ್ಟುಕೊಂಡೇ ಕೇಳಿದ:

“ಜನ ನನ್ ಹತ್ರ ಬರೋದು ಯಾಕೆ ಹೇಳಿ? ಕಟಿಂಗ್‌ಗಾ? ಕಟಿಂಗ್ ಎಲ್ಲ ಕಡೆ ಒಂದೇ. ಮಾತಿಗೆ ಬರೋದು. ಮಾತನ್ನ ನಿಮ್ಮ ಯಂತ್ರಕ್ಕೆ ಕೊಟ್ಬಿಟ್ಟು ನಾನೇನು ಕತ್ತರಿ ಆಡಿಸ್ಕೊಂಡು ಮೂಗನ ಹಾಗೆ ನಿಂತ್ಕೊಳ್ಳಾ?”

ಆ ಕತ್ತಿಯ ಕೆಳಗೆ ವಾದ ಮಾಡುವುದು ನನಗೆ ಸರಿಯೆನಿಸಲಿಲ್ಲ. ಕಬ್ಬಿಣದ ಸಾಮಾನಿನ ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು, ತಲೆದೂಗಿದರು, ಕೊನೆಗೆ, “ಎಲ್ಲ ಸರಿ, ಒಂದು ಚೀಲ ಮೊಳೆ ಎತ್ತಿ ಆಟೋಗೆ ಹಾಕುತ್ತಾ?” ಎಂದರು. ಹಾಕುವುದಿಲ್ಲ ಎಂದೆ. “ನೀವು ಹಾಕ್ತೀರಾ?” ಎಂದರು. ಹಾಕಿ ಬಂದೆ.

ಉಳಿದವಳು ಅಕ್ಕ.

ನಾನಿರುವುದು ಅಕ್ಕ-ಭಾವನ ಮನೆಯಲ್ಲಿ. ಮನೆಯ ಮುಂದಿನ ಕೋಣೆಯೇ ಅಕ್ಕನ ಹೊಲಿಗೆ ಅಂಗಡಿ. ಮೂಲೆಯಲ್ಲಿ ಪರದೆ ಕಟ್ಟಿ ಬಟ್ಟೆ ತೊಟ್ಟು ನೋಡುವ ಜಾಗ ಮಾಡಿದ್ದಾಳೆ. ಅದರ ಹಿಂದಿನ ಗೋಡೆಗೆ ಅಂಟಿಕೊಂಡು ನನ್ನ ಮಂಚ. ಬೆಳಗ್ಗೆ ಹೊಲಿಗೆ ಯಂತ್ರ ಶುರುವಾದರೆ ನನ್ನ ಕನಸಿಗೂ ಅಂಚು ಹೊಲಿಯುತ್ತದೆ. ಭಾವ ಬಸ್ ಡ್ರೈವರ್. ದಿನವಿಡೀ ಹಾರನ್ ಕೇಳಿ ಕೇಳಿ, ಮನೆಗೆ ಬಂದರೆ ಮೌನವ್ರತ.

ಅಕ್ಕನ ದೊಡ್ಡ ಕಷ್ಟ ಫೋನು. “ಆಯ್ತಾ? ಆಯ್ತಾ? ಆಯ್ತಾ?” ಎಂದು ಗ್ರಾಹಕರು ಬಡಿದುಕೊಳ್ಳುತ್ತಾರೆ. ಅಕ್ಕ ಕಾಲಲ್ಲಿ ಯಂತ್ರ ತುಳಿಯುತ್ತ, ಭುಜದಲ್ಲಿ ಫೋನು ಒತ್ತಿ ಹಿಡಿದು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾಳೆ: “ಆಗೇ ಹೋಯ್ತು, ಗುಂಡಿ ಮಾತ್ರ ಬಾಕಿ!” ಬಟ್ಟೆಗೆ ಕತ್ತರಿ ತಾಕಿಲ್ಲದಿದ್ದರೂ ಗುಂಡಿ ಮಾತ್ರ ಬಾಕಿ. ಗುಂಡಿಯೇ ಇಲ್ಲದ ಕಿಟಕಿ ಪರದೆಗೂ ಒಮ್ಮೆ ಗುಂಡಿ ಮಾತ್ರ ಬಾಕಿ ಇತ್ತು.

“ಅಕ್ಕಾ, ಇನ್ಮೇಲೆ ನೀನು ಫೋನೇ ಮುಟ್ಟಬೇಕಾಗಿಲ್ಲ. ಎಲ್ಲರಿಗೂ ಯಂತ್ರ ಉತ್ತರ ಕೊಡುತ್ತೆ” ಎಂದೆ.

“ಹೊಲಿಯೋಕೂ ಬರುತ್ತಾ ಅದಕ್ಕೆ?”

“ಇಲ್ಲ, ಬರೀ ಮಾತು.”

“ಹಂಗಾದ್ರೆ ನಿನ್ ಥರಾನೇ ಅನ್ನು. ಸರಿ, ಮಾಡು. ನನ್ನ ಕತ್ತರಿ ಮಾತ್ರ ಮುಟ್ಟಬೇಡ.”

ಭಾನುವಾರ ಮಧ್ಯಾಹ್ನ ಕೂತು ಕಟ್ಟಿದೆ. ಚಾಟ್‌ಬಾಟಿಗೆ ಅಂಗಡಿಯ ವ್ಯವಹಾರವೆಲ್ಲ ಗೊತ್ತಿರಬೇಕಲ್ಲ? ಯಾವ ಬಟ್ಟೆ ಯಾವ ಹಂತದಲ್ಲಿದೆ ಎಂದು ಕಪಾಟು ನೋಡಿ ತುಂಬಿದೆ. ಅಳತೆ ಪುಸ್ತಕದಲ್ಲಿ ಅಕ್ಕ ಗೀಚಿಕೊಂಡಿದ್ದ ಟಿಪ್ಪಣಿಗಳನ್ನೂ ಬಿಡಲಿಲ್ಲ. ಅಕ್ಕನನ್ನೂ ಸಂದರ್ಶಿಸಿದೆ.

“ಅಕ್ಕಾ, ಯಾರ ಬಟ್ಟೆ ಮೊದಲು ಹೊಲೀತೀಯ? ಅದಕ್ಕೊಂದು ನಿಯಮ ಇರಬೇಕಲ್ಲ?”

“ನಿಯಮ ಏನ್ ಬಂತು? ಯಾರು ಜಾಸ್ತಿ ಕೂಗಾಡ್ತಾರೋ ಅವರದ್ದು ಮೊದಲು. ಪಾಪದೋರು ಕಾಯ್ತಾರೆ.”

“ತಡ ಯಾಕಾಗುತ್ತೆ?”

“ಬಂದಿದ್ದನ್ನೆಲ್ಲ ಒಪ್ಕೊಳ್ತೀನಲ್ಲ, ಅದಕ್ಕೆ. ಆಗಲ್ಲ ಅಂದ್ರೆ ಎದುರುಗಡೆಯವಳ ಅಂಗಡಿಗೆ ಹೋಗ್ತಾರೆ.”

ವಿದ್ಯಾವಂತನಾದ ನಾನು ಅಷ್ಟನ್ನೂ ಅಕ್ಷರಶಃ ಯಂತ್ರಕ್ಕೆ ಉಣಿಸಿದೆ. ಇನ್ನು ಕರೆ ಮಾಡಬೇಡಿ, ಅಂಗಡಿಯ ಸಂಖ್ಯೆಗೆ ಸಂದೇಶ ಕಳಿಸಿದರೆ ಯಂತ್ರವೇ ಉತ್ತರಿಸುತ್ತದೆ ಎಂದು ಎಲ್ಲ ಗ್ರಾಹಕರಿಗೂ ತಿಳಿಸಿದೆ. ಸಂಜೆ ಅಕ್ಕ ಫೋನಿಲ್ಲದೆ ಒಂದು ಅಂಗಿ ಪೂರ್ತಿ ಹೊಲಿದು, “ಪರವಾಗಿಲ್ವೋ, ಕೊನೆಗೂ ಮನೆಗೆ ಉಪಯೋಗಕ್ಕೆ ಬಂದೆ” ಎಂದಳು. ಹೊಗಳಿಕೆ ಅಭ್ಯಾಸವಿಲ್ಲದ ನನಗೆ ಕಣ್ಣಲ್ಲಿ ನೀರು ಬಂತು.

ಸೋಮವಾರ ಶಾಲೆಯ ಹೆಡ್‌ಮಿಸ್ಸು ತಮ್ಮ ಹೊಸ ಗೌನು ಆಯಿತೇ ಎಂದು ಕೇಳಿದರು. ನನ್ನ ಯಂತ್ರ ಉತ್ತರಿಸಿತು: “ನಮಸ್ಕಾರ! ನಿಮ್ಮ ಬಟ್ಟೆ ನೀವು ಕೊಟ್ಟ ಚೀಲದಲ್ಲೇ ಇದೆ. ಚೀಲದ ಗಂಟನ್ನು ಇನ್ನೂ ಬಿಚ್ಚಿಲ್ಲ. ನನ್ನಿಂದ ಬೇರೇನಾದರೂ ಸಹಾಯ ಬೇಕೆ?”

ಬ್ಯಾಂಕಿನ ಕ್ಯಾಷಿಯರಿಗೆ: “ನಿಮ್ಮ ಪ್ಯಾಂಟು ಸಿದ್ಧವಾಗಿದೆ. ಆದರೆ ಅಳತೆ ಕೊಡುವಾಗ ನೀವು ಹೊಟ್ಟೆ ಒಳಗೆ ಎಳೆದುಕೊಂಡಿದ್ದರಿಂದ ಅದು ನಿಮಗೆ ಹಿಡಿಸಲಾರದು ಎಂದು ಮಾಲೀಕರ ಅಭಿಪ್ರಾಯ.”

ಇವೆಲ್ಲ ಹೋಗಲಿ. ಸಂಗೀತದ ಮೇಡಂ ಎಂದು ಒಬ್ಬರಿದ್ದಾರೆ. ಅಂಥ ಸಾಧು ಜೀವ ಈ ಭೂಮಿಯ ಮೇಲಿಲ್ಲ. ಬಾಗಿಲು ತಟ್ಟಿದರೆ ಬಾಗಿಲಿಗೆ ನೋವಾದೀತೆಂದು ಹೊರಗೇ ನಿಂತು ಕೆಮ್ಮುವವರು. ಅವರು, “ತೊಂದರೆ ಇಲ್ಲದಿದ್ದರೆ, ನನ್ನ ಕೋಟು ಯಾವಾಗ ಸಿಗಬಹುದು ಎಂದು ತಿಳಿಯಬಹುದೇ?” ಎಂದು ಬರೆದಿದ್ದರು. ಯಂತ್ರ ಬರೆಯಿತು: “ನಮ್ಮಲ್ಲಿ ಹೆಚ್ಚು ಕೂಗಾಡುವವರ ಬಟ್ಟೆಗೆ ಆದ್ಯತೆ. ನೀವು ಪಾಪದವರ ವರ್ಗದಲ್ಲಿದ್ದೀರಿ. ದಯವಿಟ್ಟು ಕಾಯಿರಿ.”

ಸಂಜೆ ನಾನು ಆಫೀಸಿನಿಂದ ಬರುವಾಗ ಮನೆಯ ಮುಂದೆ ಗುಂಪು. ಭಾವ ಖಾಲಿ ಊಟದ ಡಬ್ಬಿ ಹಿಡಿದು ಬೀದಿಯಲ್ಲಿ ನಿಂತಿದ್ದಾರೆ. “ಒಳಗೆ ಹೋಗಬಾರದಾ ಭಾವ?” ಎಂದರೆ, ಮುಂದಿದ್ದ ಕ್ಯಾಷಿಯರನ್ನು ತೋರಿಸಿ, “ಸಾಲಲ್ಲಿ ಬನ್ನಿ ಅಂತಿದಾರೆ” ಎಂದರು. ಆ ದಿನ ಅವರು ಆಡಿದ ಒಂದೇ ವಾಕ್ಯ ಅದು.

ಒಳಗಿಂದ ಸಂಗೀತದ ಮೇಡಂ ದನಿ ಬೀದಿಗೆ ಕೇಳುತ್ತಿತ್ತು. ಗುಂಪಿನ ನಡುವೆ ನುಸುಳಿ ಒಳಗೆ ಹೋದೆ. ಅವರು ಕೂಗಾಡುತ್ತಿದ್ದರು. ಜೀವನದಲ್ಲೇ ಮೊದಲ ಸಲವಿರಬೇಕು, ಆದರೆ ಇಷ್ಟು ವರ್ಷದ ಸಾಧನೆ ಗಂಟಲಲ್ಲಿತ್ತಲ್ಲ! ಮೇಲಿನ ಸ್ವರದಲ್ಲಿ ನಿಂತು, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗಿ, ಉಸಿರು ಮುರಿಯದೆ, “ನಾನು ಪಾ…ಪದವಳಾ?” ಎಂದು ಎಳೆದರು. ಕಪಾಟಿನ ಗಾಜು ನಡುಗಿತು. ಅಕ್ಕ ಗಡಿಬಿಡಿಯಿಂದ ಅವರ ಕೋಟಿನ ಬಟ್ಟೆ ಹರಡಿ ಅಲ್ಲೇ ಸೀಮೆಸುಣ್ಣ ಎಳೆದಳು.

ಹೆಡ್‌ಮಿಸ್ಸು ನನ್ನನ್ನು ಹಿಡಿದರು.

“ಏನಪ್ಪಾ, ನೀನೇನಾ ಆ ಯಂತ್ರದ ಅಪ್ಪ? ಚೀಲ ಬಿಚ್ಚಿಲ್ಲ ಅಂತ ನನಗೆ ಹೇಳೋಕೆ ಅದಕ್ಕೇನು ಅಧಿಕಾರ?”

“ಅಲ್ಲ ಮೇಡಂ, ಅದು ನಿಜಾನೇ ಹೇಳಿದೆಯಲ್ಲ…”

“ನಿಜ ನನಗೆ ಗೊತ್ತಿಲ್ವಾ? ನಿಮ್ಮಕ್ಕ ಗುಂಡಿ ಬಾಕಿ ಅಂದ್ರೆ ಚೀಲ ಬಿಚ್ಚಿಲ್ಲ ಅಂತ ಇಡೀ ಬೀದಿಗೆ ಗೊತ್ತು. ಆದ್ರೂ ಆ ಒಂದು ಮಾತು ಕೇಳಿದ್ರೆ ಮನಸ್ಸಿಗೆ ಸಮಾಧಾನ. ಅಷ್ಟು ಸೌಜನ್ಯ ಬೇಡವಾ?”

ನೋಡಿ, ಇದು ನ್ಯಾಯವೇ? ಸುಳ್ಳು ಹೇಳಿದ್ದಕ್ಕೆ ಬೈಸಿಕೊಂಡವರನ್ನು ಕಂಡಿದ್ದೇನೆ. ನಿಜ ಹೇಳಿದ ಯಂತ್ರಕ್ಕಾಗಿ ಬೈಸಿಕೊಂಡ ಮೊದಲ ಪ್ರಾಣಿ ಪ್ರಪಂಚದಲ್ಲಿ ನಾನೇ ಇರಬೇಕು! ಎಲ್ಲರೂ ಹೋದಮೇಲೆ ಅಕ್ಕ ಅಳತೆ ಟೇಪನ್ನು ಚಾಟಿಯ ಹಾಗೆ ಕೈಗೆ ಸುತ್ತಿಕೊಂಡಳು.

“ತೆಗಿ ಅದನ್ನ. ಈಗಲೇ ತೆಗಿ.”

“ಅಕ್ಕಾ, ನೀನು ಇಷ್ಟು ವರ್ಷ ಜನಕ್ಕೆ ಸುಳ್ಳು ಹೇಳಿದ್ದಕ್ಕೆ ಪಾಪ ಆ ಯಂತ್ರ…”

“ಸುಳ್ಳಲ್ಲ ಕಣೋ ಅದು, ಧೈರ್ಯ ಹೇಳೋದು! ಡಾಕ್ಟ್ರು ಸೂಜಿ ಚುಚ್ಚೋವಾಗ ಹೇಳಲ್ವಾ, ಏನಿಲ್ಲ, ಸುಮ್ನೆ ಇರುವೆ ಕಚ್ಚಿದ ಹಾಗಿರುತ್ತೆ ಅಂತ? ಹಂಗೆ.”

“ಶುಕ್ರವಾರದವರೆಗೆ ಇಟ್ಕೋ ಅಕ್ಕಾ. ನಮ್ಮ ಸಾಹೇಬ್ರು ಬಂದು ನೋಡೋದಿದೆ. ಅದು ನಡೀತಾ ಇಲ್ಲದಿದ್ರೆ ನನ್ನ ಕೆಲಸ ಹೋಗುತ್ತೆ. ಹೋದ್ರೆ ಹಗಲೆಲ್ಲ ಇಲ್ಲೇ ನಿನ್ನ ಕಣ್ಣೆದುರು ಕೂತಿರ್ತೀನಿ.”

ಈ ಬೆದರಿಕೆ ನಾಟಿತು. ಅಕ್ಕ ಟೇಪು ಬಿಚ್ಚಿದಳು. “ಹಂಗಾದ್ರೆ ಅದಕ್ಕೆ ಮಾತು ಕಲಿಸು” ಎಂದಳು.

ಕಲಿಸಲು ಹೋದೆ. ‘ಯಾರು ಕೇಳಿದರೂ ಗುಂಡಿ ಮಾತ್ರ ಬಾಕಿ ಎನ್ನು’ ಎಂದು ಸೂಚನೆ ಕೊಟ್ಟೆ. ಯಂತ್ರ ನನಗೇ ತಿರುಗಿ ಬರೆಯಿತು: “ಈ ಸೂಚನೆ ನೀವೇ ಕೊಟ್ಟ ಮಾಹಿತಿಗೆ ವಿರುದ್ಧವಾಗಿದೆ. ಗ್ರಾಹಕರಿಗೆ ತಪ್ಪು ಮಾಹಿತಿ ಕೊಡಲು ನನಗೆ ಅನುಮತಿ ಇಲ್ಲ.” ಮರುದಿನ ದೂರದೃಷ್ಟಿಯವರ ಬಳಿ ಹೋಗಿ, ಒಂದಿಷ್ಟು ಅನುಮತಿ ಸಿಗಬಹುದೇ ಎಂದು ಕೇಳಿದೆ. “ಸತ್ಯವೇ ನಮ್ಮ ಸಂಸ್ಥೆಯ ಉಸಿರು!” ಎಂದು ಅವರು ಎದೆ ಮುಟ್ಟಿಕೊಂಡರು. ಅವರದೇನು ಹೋಗುತ್ತದೆ? ಅವರ ಬಟ್ಟೆ ರೆಡಿಮೇಡ್!

ಆಗ ಕಣ್ಣಿಗೆ ಬಿತ್ತು, ನಮ್ಮ ಉಪಕರಣದ ಒಂದು ಮೂಲೆಯಲ್ಲಿದ್ದ ಗುಂಡಿ: ‘ಮಾಲೀಕರೇ ಉತ್ತರಿಸಿ’. ಅದನ್ನು ಒತ್ತಿದರೆ ಯಂತ್ರ ಬಾಯಿ ಮುಚ್ಚಿಕೊಳ್ಳುತ್ತದೆ; ಬಂದ ಪ್ರಶ್ನೆಗೆ ನಮ್ಮ ಕೈಯಿಂದಲೇ ಬರೆಯಬಹುದು. ಗ್ರಾಹಕರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಒತ್ತಿಬಿಟ್ಟೆ.

ಅಂದಿನಿಂದ ನಾನೇ ಕೃತಕ ಬುದ್ಧಿಮತ್ತೆ.

ಆಫೀಸಿನ ಮೆಟ್ಟಿಲ ಮೇಲೆ, ಬಸ್ಸಿನಲ್ಲಿ, ಬಚ್ಚಲಲ್ಲಿ, ಸಭೆಯಲ್ಲಿ ಮೇಜಿನ ಕೆಳಗೆ, ಎಲ್ಲಿದ್ದರೂ ಫೋನು ಕಿಣಿ ಎಂದರೆ ನಾನು ಯಂತ್ರವಾಗಬೇಕು. “ನಮಸ್ಕಾರ! ಆಗೇ ಹೋಯ್ತು, ಗುಂಡಿ ಮಾತ್ರ ಬಾಕಿ!” ಇದೊಂದೇ ಆಗಿದ್ದರೆ ಸಹಿಸಬಹುದಿತ್ತು. ಜನಕ್ಕೆ ಯಂತ್ರವೆಂದರೆ ಸಲಿಗೆ. ಕ್ಯಾಷಿಯರು ಪ್ಯಾಂಟು ಹಿಡಿಸದ ಸಿಟ್ಟಿನಲ್ಲಿ, “ಏಯ್ ಡಬ್ಬಾ, ನಿನಗೆ ಬುದ್ಧಿ ಇದೆಯಾ?” ಎಂದು ಬರೆದರು. ನಾನು ಹಲ್ಲು ಕಚ್ಚಿಕೊಂಡು, “ಕ್ಷಮಿಸಿ, ಸುಧಾರಿಸಿಕೊಳ್ಳುತ್ತೇನೆ” ಎಂದು ಬರೆದೆ. ಸಂಗೀತದ ಮೇಡಂ ಕೂಗಾಟದ ರುಚಿ ಕಂಡುಬಿಟ್ಟಿದ್ದರು. ಕೆಲಸವಿಲ್ಲದಿದ್ದರೂ ಬೆಳಗ್ಗೆ ಎದ್ದು ಯಂತ್ರಕ್ಕೆ ಎರಡು ಬೈದು ಆಮೇಲೆ ಪಾಠಕ್ಕೆ ಕೂರುತ್ತಿದ್ದರು. ಹೆಡ್‌ಮಿಸ್ಸು ಮಾತ್ರ, “ಈಗ ನಿನಗೆ ಸಂಸ್ಕಾರ ಬಂದಿದೆ. ನಿನ್ನನ್ನು ಮಾಡಿದ ಆ ಪೆದ್ದನಿಗಿಂತ ನೀನೇ ವಾಸಿ” ಎಂದು ಹರಸಿದರು. ಆ ಪೆದ್ದನಾದ ನಾನು, “ತುಂಬಾ ಧನ್ಯವಾದಗಳು” ಎಂದು ಬರೆಯಬೇಕಾಯಿತು. ನನ್ನನ್ನು ಬೈದದ್ದಕ್ಕೆ ನನ್ನ ಕೈಯಿಂದಲೇ ಧನ್ಯವಾದ!

ಮನೆಯಲ್ಲಿಯೂ ಅದೇ ಪಾಡು. ತಟ್ಟೆಯ ಮುಂದೆ ಕೂತು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದರಲ್ಲಿ ಟೈಪಿಸುತ್ತಿದ್ದರೆ ಅಕ್ಕ, “ಕ್ಯಾಷಿಯರ್‌ಗೆ ಗಡುಸಾಗಿ ಬರಿಬೇಡ, ಆಮೇಲೆ ಇನ್ನೊಂದು ಪ್ಯಾಂಟು ತರಲ್ಲ” ಎಂದು ಹಿಂದಿನಿಂದ ಬಗ್ಗಿ ನೋಡುತ್ತಿದ್ದಳು. ಅವಳಿಗೆ ಫೋನಿನ ಕಾಟ ಪೂರ್ತಿ ತಪ್ಪಿತ್ತು. ಮುಖದಲ್ಲಿ ಕಳೆ ಬಂದಿತ್ತು. ಬರದೆ ಏನು?

ಆಫೀಸಿನಲ್ಲಿ ದೂರದೃಷ್ಟಿ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. “ನೋಡಿ, ಈ ಹೊಲಿಗೆ ಅಂಗಡಿಯ ಗ್ರಾಹಕರ ಹಾಗೆ ಬೇರೆ ಯಾವ ಅಂಗಡಿಯ ಗ್ರಾಹಕರೂ ಯಂತ್ರದ ಜತೆ ಮಾತಾಡುತ್ತಿಲ್ಲ! ಸಂತೃಪ್ತಿಯ ರೇಖೆ ಸೀದಾ ಮೇಲಕ್ಕೆ!” ಎಂದರು. ಆಗಲೇ ನನ್ನ ಜೇಬಿನಲ್ಲಿ ಸಂತೃಪ್ತಿ ಕಿಣಿ ಎಂದಿತು. ಹೊಟ್ಟೆನೋವೆಂದು ಹೇಳಿ ಮೆಟ್ಟಿಲಿಗೆ ಓಡಿದೆ.

ಗುರುವಾರ ಸಂಜೆ ಅಕ್ಕನಿಗೆ ಕ್ಯಾಮೆರಾ ಮುಂದೆ ಹೇಳಬೇಕಾದ ಮಾತು ಕಲಿಸಿದೆ.

“ಹೇಳು: ನನ್ನ ಸಮಯ ಉಳಿಯಿತು, ವ್ಯಾಪಾರ ಬೆಳೆಯಿತು, ಗ್ರಾಹಕರ ಮೊಗದಲ್ಲಿ ನಗು ಅರಳಿತು.”

ಅಕ್ಕನ ಬಾಯಲ್ಲಿ ಗುಂಡುಸೂಜಿಗಳಿದ್ದವು. “ಗ್ರಾಹಕರ ಮೊಗ್… ಏನಾಯ್ತದು?”

“ನಗು ಅರಳಿತು.”

“ಯಾರ ಮನೇಲಿ ಹಿಂಗ್ ಮಾತಾಡ್ತಾರೋ?”

“ಕ್ಯಾಮೆರಾ ಎದುರು ಮಾತಾಡ್ತಾರೆ. ದಿನಾ ಎಷ್ಟೋ ಜನರಿಗೆ ‘ಧೈರ್ಯ’ ಹೇಳ್ತೀಯಲ್ಲ, ಅವರಿಗೂ ಹೇಳು. ನನ್ನ ಕೆಲಸ ನಿನ್ನ ನಾಲಿಗೆ ಮೇಲಿದೆ.”

“ಆಯ್ತು ಬಿಡು. ನಿನಗೋಸ್ಕರ ಅರಳಿಸ್ತೀನಿ.”

ಶುಕ್ರವಾರ ದೂರದೃಷ್ಟಿ ಬಂದರು. ಒಳಗೆ ಬರುವಾಗಲೇ ಹತ್ತಿರದ ಇಸ್ತ್ರಿ ಮೇಜು ಕಾಣದೆ ಮಂಡಿ ತಗುಲಿಸಿಕೊಂಡರು. ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದರು. ಭಾವ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ಅವರಿಗೆ ರಜೆ, ಮುಖದಲ್ಲಿ ಬಿಟ್ಟಿ ಸಿನಿಮಾ ನೋಡಲು ಬಂದವರ ಖುಷಿ.

ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಲೇ ಗಿಣಿಯಂತೆ ಹೇಳಿದಳು. ಸಮಯ ಉಳಿಯಿತು, ವ್ಯಾಪಾರ ಬೆಳೆಯಿತು, ನಗು ಅರಳಿತು. ನನಗೆ ಕುಣಿಯಬೇಕೆನಿಸಿತು. ದೂರದೃಷ್ಟಿಗೂ ಹಾಗೇ ಅನ್ನಿಸಿರಬೇಕು. “ಅದ್ಭುತ! ಈಗ ನಾನೇ ಗ್ರಾಹಕನಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಬರುವುದನ್ನೂ ಚಿತ್ರೀಕರಿಸೋಣ” ಎಂದು ತಮ್ಮ ಫೋನು ತೆಗೆದರು.

ಯಂತ್ರದ ಬಾಯಿ ಮುಚ್ಚಿತ್ತು. ಯಂತ್ರವಾದ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಮೆಲ್ಲಗೆ ಹಿಂದೆ ಸರಿದು, ಬಟ್ಟೆ ತೊಟ್ಟು ನೋಡುವ ಪರದೆಯ ಹಿಂದೆ ಜಾರಿಕೊಂಡೆ.

“ಎಲ್ಲಿ ಹೋದರು ಇವರು?” ಎಂದರು ದೂರದೃಷ್ಟಿ.

“ಹೊಟ್ಟೆ ಸರಿ ಇಲ್ಲ ಸಾರ್ ಅವನಿಗೆ, ಬರ್ತಾನೆ” ಎಂದಳು ಅಕ್ಕ, ರೆಪ್ಪೆ ಮಿಟುಕಿಸದೆ. ಆ ಕ್ಷಣ ಅವಳ ಕಾಲು ಮುಟ್ಟೋಣವೆನಿಸಿತು.

ಫೋನು ನಡುಗಿತು: “ನನಗೊಂದು ಕೋಟು ಬೇಕು, ಎಷ್ಟು ದಿನ ಆಗುತ್ತದೆ?” ಬೆವರಿದ ಬೆರಳಲ್ಲಿ ಕುಟ್ಟಿದೆ: “ನಮಸ್ಕರ ಸಾರ್ ಕೋಟು ಆಗೇ ಹೊಯ್ತು ಗುಂಡಿ ಮತ್ರ ಬಾಕಿ.” ಅಳತೆಯೇ ಕೊಡದ ಕೋಟು ಅದು!

ಆಚೆ ದೂರದೃಷ್ಟಿಯ ಚಪ್ಪಾಳೆ. “ಆಹಾ! ಕಾಗುಣಿತದ ತಪ್ಪು ಕೂಡ ಮಾಡುತ್ತಿದೆ! ಹಾಸ್ಯಪ್ರಜ್ಞೆ ಬೇರೆ! ಥೇಟ್ ಮನುಷ್ಯರ ಹಾಗೆ! ನನ್ನ ದೂರದೃಷ್ಟಿ ಇಂದು ಫಲಿಸಿತಮ್ಮಾ. ನಿಮ್ಮ ತಮ್ಮನ ಕೆಲಸ ಖಾಯಂ ಎಂದೇ ತಿಳಿಯಿರಿ!”

ಪರದೆಯ ಹಿಂದೆ, ಒಂದು ಅರ್ಧ ಹೊಲಿದ ಗೌನನ್ನು ತಬ್ಬಿಕೊಂಡೆ.

“ಒಂದೇ ಒಂದು ಪ್ರಶ್ನೆ ಉಳಿಯಿತು. ಸ್ವಲ್ಪ ಮುಜುಗರದ್ದು, ತಪ್ಪು ತಿಳಿಯಬಾರದು” ಎಂದರು ದೂರದೃಷ್ಟಿ. “ಇಷ್ಟು ನಯವಾಗಿ, ಹಗಲೂ ರಾತ್ರಿಯೂ ದುಡಿಯುವ ಈ ಯಂತ್ರಕ್ಕೆ ನಾವು ಶುಲ್ಕವಿಡಬೇಕೆಂದಿದ್ದೇವೆ. ನೀವು ತಿಂಗಳಿಗೆ ಎಷ್ಟು ಕೊಡಲು ಸಿದ್ಧ? ಮನಸ್ಸು ಬಿಚ್ಚಿ ಹೇಳಿ. ಕ್ಯಾಮೆರಾ ನೋಡಿಕೊಂಡು.”

ಹೊಲಿಗೆ ಯಂತ್ರ ಟಕ್ಕೆಂದು ನಿಂತಿತು. ಇದನ್ನು ನಾನು ಕಲಿಸಿರಲಿಲ್ಲ. ಪರದೆಯ ಸೀಳಿನಿಂದ ಕೈಸನ್ನೆ ಮಾಡಿದೆ, ತಲೆ ಅಲ್ಲಾಡಿಸಿದೆ, ಕೈ ಮುಗಿದೆ. ಅಕ್ಕನಿಗೆ ಯಾವುದೂ ಕಾಣಲಿಲ್ಲ. ದುಡ್ಡಿನ ಮಾತು ಬಂದರೆ ಅವಳಿಗೆ ಬೇರೇನೂ ಕಾಣುವುದಿಲ್ಲ.

“ದುಡ್ಡು ಬೇರೆ ಕೊಡಬೇಕಾ? ಚೆನ್ನಾಗಿದೆ ಸಾರ್! ಎರಡು ಹೊತ್ತು ಊಟ ಹಾಕಿ, ಮಲಗೋಕೆ ಮಂಚ ಕೊಟ್ಟು, ಬಟ್ಟೆ ಒಗೆದು ಸಾಕ್ತಾ ಇದೀನಿ, ಅದು ಸಾಲದಾ? ಅಗೋ, ಆ ಪರದೆ ಹಿಂದೆ ನಿಂತಿದೆ. ಸಂಬಳ ಎಷ್ಟು ಬೇಕು ಅಂತ ನೀವೇ ಕೇಳ್ಕೊಳ್ಳಿ.”